‘ಫ್ಯೂ’ ಮತ್ತು ‘ಎ ಫ್ಯೂ’

ಇಂಗ್ಲಿಷ್ ಬರೆಯುವಾಗ ನಮ್ಮ ವಿದ್ಯಾರ್ಥಿನಿಯರು ‘ಎ’ ಎಂಬ ಒಂದಕ್ಷರವನ್ನು ಅಲ್ಪವೆಂದೆಣಿಸಿ ಬಿಟ್ಟುಬಿಡುವುದುಂಟು. ಕನ್ನಡದಲ್ಲಿ ಅದಕ್ಕೆ ಸಮನಾದ ಪದವಿಲ್ಲದಿರುವುದೇ ಇದಕ್ಕೆ ಕಾರಣವು. ಆದರೆ ಅದು ಮಾಡುವ ಅರ್ಥಭೇದವು ನಮ್ಮ ನುಡಿಯಲ್ಲಿಯೂ ಉಂಟು.

ಮಲ್ಲೇಶ್ವರದ ೮ನೆಯ ಅಡ್ಡರಸ್ತೆಯ ಅಂಗಡಿಯೊಂದರಲ್ಲಿ ೧೦ ಮಾವಿನ ಹಣ್ಣುಗಳು ಉಳಿದಿವೆ ಎಂದಿಟ್ಟುಕೊಳ್ಳೋಣ. ‘ಕೆಲವು ಹಣ್ಣುಗಳಿವೆ’ ಎಂದರೆ ಕೊಳ್ಳಬಂದವಳು ನಿಲ್ಲುವಳು. ಇದು ‘ಎ ಫ್ಯೂ’. ‘ಕೆಲವೇ ಹಣ್ಣುಗಳಿವೆ’ ಎಂದರೆ ಸಾಲವೆಂದು ಮುಂದೆ ಹೋಗುವಳು, ಇದು ‘ಫ್ಯೂ’. ಎಣಿಕೆಯು ಒಂದೇ, ಒಂದು ಮಾತು ಇರುವುದನ್ನು ತೋರಿಸುವುದು, ಮತ್ತೊಂದು ಕೊರತೆಯನ್ನು. ನಮ್ಮಲ್ಲಿ ‘ಏ’ಕಾರವು ಸೇರಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಎ’ಕಾರವು ಲೋಪವಾಗಿ ಮಾಡುವುದು. ಹಾಲು, ಸಕ್ಕರೆಗಳಂತೆ ಎಣಿಸಲಾಗದವುಗಳಿಗೆ ಬಳಸುವ ‘ಎ ಲಿಟ್ಲ್’, ‘ಲಿಟ್ಲ್’ ಎಂಬುವೂ ಹೀಗೆಯೇ.

ದೂರದ ವಿದ್ಯಾರ್ಥಿನಿಲಯದಿಂದ ಮಗಳು ತನಗೆ ‘ಎ ಫ್ಯೂ’ ಗೆಳತಿಯರಿರುವರೆಂದು ಬರೆದರೆ ತಾಯಿಗೆ ಸಮಾಧಾನ. ‘ಫ್ಯೂ’ ಎಂದು ಬರೆದರೆ ಕಳವಳ. ಪ್ರಗತಿಪತ್ರದಲ್ಲಿಯಾದರೋ ಇದು ತಿರುಗುಮುರುಗು: ತಪ್ಪುಗಳು ‘ಫ್ಯೂ’ ಎಂದರೆ ಮೆಚ್ಚಿಕೆ, ‘ಎ ಫ್ಯೂ’ ಎಂದರೆ ಎಚ್ಚರಿಕೆ. ಆದುದರಿಂದ ತಂದೆತಾಯಿಗಳು ಮಗಳ ಕಾಗದವನ್ನಾಗಲಿ ನಮ್ಮ ಪ್ರಗತಿಪತ್ರವನ್ನಾಗಲಿ ಓದುವಾಗ ಮೊದಲು ಆ ಒಂದಕ್ಷರವನ್ನು ನೋಡಿಕೊಂಡು, ಆಮೇಲೆ ಹಿಗ್ಗಬೇಕೆಂದೋ ಮರುಗಬೇಕೆಂದೋ ಬೇಡುತ್ತೇವೆ.