ಬಾಡಿಗೆಯ ಲೆಕ್ಕ ಮೊದಲು ನೋಡಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಮ್ಮದೊಂದು ಪುಟ್ಟ ಲಾಭರಹಿತ ಸಂಸ್ಥೆಯಿದೆ. ವಿದೇಶದಲ್ಲಿ ಯುವಜನರ ಸಾಂಸ್ಕೃತಿಕ ಕೇಂದ್ರ ನಡೆಸಲು ಅಮೆರಿಕ ಸರ್ಕಾರ ಕೊಡುವ ಅನುದಾನಕ್ಕೆ ಅರ್ಜಿ ಹಾಕಬಹುದೇ?

ಉತ್ತರ: ಅನುದಾನದ ಪ್ರಕಟಣೆಯಲ್ಲಿರುವ ಅರ್ಹತಾ ಷರತ್ತು ನಿಮಗೆ ಹೊಂದಿದರೆ ಖಂಡಿತ ಹಾಕಬಹುದು. ಆದರೆ ಇಂಥವು ಹಲವು ಸಲ ಬರೀ ಅನುದಾನವಲ್ಲ, ಸಹಕಾರ ಒಪ್ಪಂದ. ಅಂದರೆ ಕಾರ್ಯಕ್ರಮಗಳ ಆಯ್ಕೆಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮಾತು ನಡೆಯುತ್ತದೆ. ಅದಕ್ಕೆ ನಿಮ್ಮ ಆಡಳಿತ ಮಂಡಳಿ ಒಪ್ಪಲೇಬೇಕು.

ನನಗೆ ಹೆಚ್ಚು ಆತಂಕವಿರುವುದು ಹಣದ ಬಗ್ಗೆ. ಉದಾಹರಣೆಗೆ, 2010ರಲ್ಲಿ ಜಕಾರ್ತದಲ್ಲಿ ಅಮೆರಿಕ ಸರ್ಕಾರ ತೆರೆದ 'ಅಟ್ ಅಮೆರಿಕ' ಸಾಂಸ್ಕೃತಿಕ ಕೇಂದ್ರ ಇರುವುದು ಪೆಸಿಫಿಕ್ ಪ್ಲೇಸ್ ಮಾಲ್‌ನಲ್ಲಿ. ಯುವಕರು ಸೇರುವ ಕಡೆಯೇ ಕೇಂದ್ರವಿರಬೇಕು, ಸರಿ. ಆದರೆ ಅಂಥ ಜಾಗದ ಬಾಡಿಗೆ ದುಬಾರಿ. ಆಡಳಿತ ವೆಚ್ಚದ ದರವನ್ನು ಸರ್ಕಾರದೊಂದಿಗೆ ಗೊತ್ತುಮಾಡಿಕೊಳ್ಳದ ಸಂಸ್ಥೆಗೆ ಆ ಬಾಬ್ತಿನಲ್ಲಿ ಸಿಗುವುದು ಹೆಚ್ಚೆಂದರೆ ಯೋಜನೆಯ ನೇರ ಖರ್ಚಿನ ಶೇ. 15. ಅದನ್ನು ಲೆಕ್ಕ ಹಾಕುವಾಗ ಬಾಡಿಗೆಯನ್ನೂ ದುಬಾರಿ ಉಪಕರಣಗಳನ್ನೂ ಕೈಬಿಡುತ್ತಾರೆ. ಅಂದರೆ ದೊಡ್ಡ ಖರ್ಚಿನ ಮೇಲೆ ನಿಮ್ಮ ಕಚೇರಿಗೆ ಬಿಡಿಗಾಸೂ ಇಲ್ಲ. ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಬಜೆಟ್‌ನ ಈ ಒಂದು ಸಾಲನ್ನು ಮೊದಲು ಬಗೆಹರಿಸಿಕೊಳ್ಳಿ.

ಅರ್ಜಿ ಹಾಕಲು ಬೇಕಾದ, ಅಮೆರಿಕ ಸರ್ಕಾರದ 'ಸ್ಯಾಮ್' ಜಾಲತಾಣದ ನೋಂದಣಿಗೆ ವಾರಗಳೇ ಹಿಡಿಯಬಹುದು, ಇವತ್ತೇ ಶುರುಮಾಡಿ. ಅದು ಉಚಿತ, ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಪ್ರತಿ ವರ್ಷ ನವೀಕರಿಸುವುದನ್ನೂ ಮರೆಯಬೇಡಿ.

2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದದ್ದು ನಿಮಗೆ ಗೊತ್ತೇ ಇದೆ. ಹಾಗೆ ಮತ್ತೆ ಹಣ ನಿಂತರೂ ಕೇಂದ್ರದ ಸಿಬ್ಬಂದಿಗೆ ಕೆಲವು ತಿಂಗಳ ಸಂಬಳ ಕೊಡುವಷ್ಟು ಮೀಸಲು ನಿಮ್ಮಲ್ಲಿ ಇಲ್ಲದಿದ್ದರೆ, ಈ ಬಾರಿ ಒಬ್ಬರೇ ಮುಂದಾಗಬೇಡಿ. ಅನುಭವವಿರುವ ದೊಡ್ಡ ಸಂಸ್ಥೆಯೊಂದರ ಜೊತೆ ಉಪ ಪಾಲುದಾರರಾಗಿ ಸೇರಿಕೊಳ್ಳಿ.