ಒತ್ತಡ ಅಳೆಯಲಿಲ್ಲ, ಅದಕ್ಕೇ ತಮ್ಮ ಉಳಿಯಲಿಲ್ಲವೇ?

ಪ್ರಶ್ನೆ: ಹೋದ ವರ್ಷ ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕೋಮಾಕ್ಕೆ ಹೋದ. ನಮ್ಮ ಕಡೆಯ ಆಸ್ಪತ್ರೆಯ ಐಸಿಯುನಲ್ಲಿ ಎಂಟು ದಿನ ಇದ್ದು ತೀರಿಕೊಂಡ. ತಲೆಯೊಳಗಿನ ಒತ್ತಡ ಅಳೆಯುವ ಸಾಧನ ಅಲ್ಲಿರಲಿಲ್ಲ. ‘ಬೆಂಗಳೂರಿಗೆ ಒಯ್ದಿದ್ದರೆ ಅದನ್ನು ಹಾಕ್ತಿದ್ರು, ಹುಡುಗ ಉಳೀತಿದ್ದ’ ಎಂದು ನೆಂಟರು ಈಗಲೂ ಅನ್ನುತ್ತಾರೆ. ಇಲ್ಲೇ ಇರಲಿ ಎಂದವಳು ನಾನು. ನಿಜ ಹೇಳಿ ಡಾಕ್ಟ್ರೇ.
– ಹೆಸರು, ಊರು ಬೇಡ

ಉತ್ತರ: ತಮ್ಮನ ಕೇಸ್‌ಶೀಟ್, ಸ್ಕ್ಯಾನ್ ನೋಡದೆ ಅವನ ಬಗ್ಗೆ ಖಚಿತವಾಗಿ ಹೇಳಲಾರೆ ಅಮ್ಮಾ. ಆದರೆ ಆ ಸಾಧನವೊಂದು ಇದ್ದಿದ್ದರೆ ಉಳಿಯುತ್ತಿದ್ದ ಎಂಬ ಮಾತಿಗೆ ಆಧಾರವಿಲ್ಲ. ನಿಮ್ಮ ಸಮಾಧಾನಕ್ಕೆಂದು ಹೀಗೆ ಹೇಳುತ್ತಿಲ್ಲ.

ಈ ಪ್ರಶ್ನೆಯನ್ನೇ ಇಟ್ಟುಕೊಂಡು ಬೊಲಿವಿಯಾ ಮತ್ತು ಈಕ್ವೆಡಾರ್ ದೇಶಗಳ ಆಸ್ಪತ್ರೆಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ತಲೆಗೆ ತೀವ್ರ ಪೆಟ್ಟಾದ 324 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸಾಧನ ಹಾಕಿ, ಒತ್ತಡ 20 ಮಿ.ಮೀ. ಪಾದರಸ ದಾಟದಂತೆ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ಸಾಧನವಿಲ್ಲ, ಸಿಟಿ ಸ್ಕ್ಯಾನ್ ಮತ್ತು ಹಾಸಿಗೆಯ ಬಳಿಯ ತಪಾಸಣೆಯ ಮೇಲೆಯೇ ಚಿಕಿತ್ಸೆ. ಆರು ತಿಂಗಳೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ 39, ಎರಡನೆಯದರಲ್ಲಿ ಶೇ 41. ವ್ಯತ್ಯಾಸವಿದೆ ಎನ್ನುವಷ್ಟು ಅಂತರವಲ್ಲ ಅದು. ಎರಡನೆಯ ಗುಂಪಿನವರನ್ನು ಸುಮ್ಮನೆ ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಒತ್ತಡ ಏರಿದೆ ಎಂದು ಅನುಮಾನ ಬಂದರೆ ಅವರಿಗೂ ಚಿಕಿತ್ಸೆ ಸಿಗುತ್ತಿತ್ತು. ಸಾಧನ ಒತ್ತಡವನ್ನು ತೋರಿಸುತ್ತದೆ, ಇಳಿಸುವುದು ಚಿಕಿತ್ಸೆ.

ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮಿದುಳು, ರಕ್ತ ಮತ್ತು ಮಿದುಳಿನ ಸುತ್ತಲಿನ ದ್ರವ ಇಷ್ಟಕ್ಕೇ ಜಾಗ. ಮಿದುಳು ಬಾತುಕೊಂಡಾಗ ಅಥವಾ ರಕ್ತ ಹೆಪ್ಪುಗಟ್ಟಿದಾಗ ದ್ರವವೂ ಸಿರೆಗಳಲ್ಲಿನ ರಕ್ತವೂ ಸ್ವಲ್ಪ ಆಚೆ ಸರಿದು ಎಡೆ ಮಾಡಿಕೊಡುತ್ತವೆ. ಹಾಗೆ ಸರಿಯಲು ಮತ್ತೆ ಏನೂ ಉಳಿಯದಾದಾಗ ಒತ್ತಡ ಸರ್ರನೆ ಏರುತ್ತದೆ. ಮಲಗಿದ ಆರೋಗ್ಯವಂತನಲ್ಲಿ ಅದು ಸುಮಾರು 7ರಿಂದ 15 ಮಿ.ಮೀ. ಪಾದರಸ. 22 ದಾಟಿದರೆ ಇಳಿಸಬೇಕು. ಸರಾಸರಿ ರಕ್ತದೊತ್ತಡದಿಂದ ತಲೆಯೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದೇ ಮಿದುಳಿಗೆ ರಕ್ತ ತಳ್ಳುವ ಬಲ. ಬಿಪಿಯ ಸರಾಸರಿ 90, ತಲೆಯೊಳಗೆ 20 ಇದ್ದರೆ 70 ಉಳಿಯಿತು, ಸಾಕು. ತಲೆಯೊಳಗೆ 40 ಆದರೆ ಉಳಿಯುವುದು 50, ಸಾಲದು.

ಸಾಧನವಿಲ್ಲದ ಕಡೆ ನರ್ಸ್ ಗಂಟೆಗೊಮ್ಮೆ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡುವುದನ್ನು ನೀವು ಕಂಡಿರಬಹುದು. ಒಂದು ಕಣ್ಣಿನ ಪಾಪೆ ಹಿಗ್ಗಿ, ಬೆಳಕಿಗೆ ಕುಗ್ಗದೆ ನಿಂತರೆ ಆ ಕ್ಷಣವೇ ವೈದ್ಯರಿಗೆ ಕರೆ ಹೋಗಬೇಕು. ಹಾಸಿಗೆಯ ತಲೆಭಾಗ 30 ಡಿಗ್ರಿ ಎತ್ತಿಡುವುದು, ಕತ್ತು ಒಂದು ಕಡೆಗೆ ವಾಲದಂತೆ ನೋಡಿಕೊಳ್ಳುವುದು, ಮ್ಯಾನಿಟಾಲ್ ಅಥವಾ ಗಾಢ ಉಪ್ಪಿನ ಡ್ರಿಪ್, ಮತ್ತೆ ಮತ್ತೆ ಸ್ಕ್ಯಾನ್: ಇವೆಲ್ಲ ಒತ್ತಡದ ವಿರುದ್ಧದ ಕೆಲಸಗಳೇ. ಇವು ನಡೆದಿದ್ದರೆ ತಮ್ಮನಿಗೆ ಆರೈಕೆ ಸಿಕ್ಕಿದೆ.

ಹಾಗೆಂದು ಸಾಧನ ಬೇಡವೆನ್ನುವವನು ನಾನಲ್ಲ. ಸೌಲಭ್ಯವಿದ್ದರೆ ಹಾಕಿಸುತ್ತೇನೆ. ವೆಂಟಿಲೇಟರ್‌ಗಾಗಿ ನಿದ್ರೆಯ ಔಷಧ ಕೊಟ್ಟವನಲ್ಲಿ ಪ್ರಜ್ಞೆ ಇಳಿಯುತ್ತಿದೆಯೇ ಎಂದು ತಿಳಿಯುವುದೇ ಕಷ್ಟ, ಅಲ್ಲಿ ಆ ಅಂಕಿ ಬಹಳ ನೆರವಾಗುತ್ತದೆ. ಇನ್ನು ಶಸ್ತ್ರಚಿಕಿತ್ಸೆ ಬೇಕಾದ ಹೆಪ್ಪು ಇದ್ದರೆ ನ್ಯೂರೋಸರ್ಜನ್ ಇರುವ ಕಡೆಗೆ ತಡಮಾಡದೆ ಸಾಗಿಸಲೇಬೇಕು. ಆದರೆ ಅಂಥ ಕಾರಣವಿಲ್ಲದೆ, ಬಿಪಿ ನಿಲ್ಲದ ರೋಗಿಯನ್ನು ಆಂಬುಲೆನ್ಸ್‌ನಲ್ಲಿ ಗಂಟೆಗಟ್ಟಲೆ ಕರೆದೊಯ್ಯುವುದೂ ಅಪಾಯವೇ. ದಾರಿಯಲ್ಲಿ ಬಿಪಿಯೋ ಆಮ್ಲಜನಕವೋ ಕುಸಿದರೆ ಪೆಟ್ಟಾದ ಮಿದುಳಿಗೆ ಎರಡನೆಯ ಪೆಟ್ಟು ಬಿದ್ದಂತೆ. ಇಲ್ಲೇ ಇರಲಿ ಎಂದಾಗ ನೀವು ವೈದ್ಯರ ಮಾತು ಕೇಳಿಯೇ ಅಂದಿರುತ್ತೀರಿ. ಕೇಸ್‌ಶೀಟನ್ನೂ ಸ್ಕ್ಯಾನ್ ಫಿಲಂಗಳನ್ನೂ ನಿಮಗೆ ನಂಬಿಕೆಯಿರುವ ನ್ಯೂರೋಸರ್ಜನ್ ಒಬ್ಬರಿಗೆ ತೋರಿಸಿ ಕೇಳಿ. ನೆಂಟರಿಗಿಂತ ಅವರ ಮಾತಿಗೆ ಬೆಲೆ ಕೊಡಿ.

ಪ್ರಶ್ನೆ: ನಮ್ಮ ಭಾವನಿಗೆ ತಲೆಗೆ ತೂತು ಕೊರೆದು ಒತ್ತಡದ ತಂತಿ ಹಾಕಿದ್ದಾರೆ. ಸೋಂಕು ತಗಲುವುದಿಲ್ಲವೇ?

ಉತ್ತರ: ತಗಲಬಹುದು, ಆದರೆ ಎಲ್ಲಕ್ಕೂ ಒಂದೇ ಪ್ರಮಾಣದಲ್ಲಲ್ಲ. ಮಿದುಳಿನ ಅಂಗಾಂಶದಲ್ಲಿ ನಿಲ್ಲುವ ಸಣ್ಣ ತಂತಿಯಿಂದ ಸೋಂಕು ಅಪರೂಪ. ದ್ರವ ತುಂಬಿದ ಕುಹರದವರೆಗೆ ಇಳಿಸುವ ಕೊಳವೆಯಿಂದ ಹೆಚ್ಚು. ಆದರೆ ಒತ್ತಡ ಏರಿದಾಗ ದ್ರವವನ್ನು ಹೊರಬಿಟ್ಟು ಇಳಿಸಲು ಆಗುವುದು ಈ ಕೊಳವೆಯಿಂದ ಮಾತ್ರ. ಯಾವುದನ್ನು ಹಾಕಿದ್ದಾರೆಂದು ಕೇಳಿ ತಿಳಿದುಕೊಳ್ಳಿ. ಕೊಳವೆಯಾದರೆ ಅದಕ್ಕೆ ಸೇರಿದ ಚೀಲದ ಎತ್ತರ ಅಳತೆ ಮಾಡಿ ಇಟ್ಟದ್ದು. ಭಾವನ ಮೈ ಒರೆಸುವಾಗ ಅದನ್ನು ಸರಿಸಬೇಡಿ, ಹಾಸಿಗೆ ಏರಿಸುವ ಇಳಿಸುವ ಗುಂಡಿಯನ್ನೂ ಮುಟ್ಟಬೇಡಿ, ನರ್ಸನ್ನು ಕರೆಯಿರಿ.