ಸೀಟ್ ಬೆಲ್ಟನ್ನೂ ಒಮ್ಮೆ ಎಳೆದು ನೋಡಿ: ಕಾರು ಕೊಂಡ ಮಕ್ಕಳಿಗೆ ಕಿವಿಮಾತು

ಬೆಂಗಳೂರಿನ ಸಿದ್ದಾಪುರದ ನಮ್ಮ ಇಕ್ಕಟ್ಟು ಬೀದಿಗಳಲ್ಲೂ ಈಗ ಸಾಲುಗಟ್ಟಿ ಕಾರು ನಿಲ್ಲುತ್ತವೆ. ಆಯುಧಪೂಜೆಗೆ ತೊಳೆದು, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತೀರಿ. ಸಂತೋಷ. ಆದರೆ ಜೀವ ಹಿಡಿದಿಡಬೇಕಾದ ಬೆಲ್ಟು ಸರಿಯಿದೆಯೋ ಇಲ್ಲವೋ ಎಂದು ನೋಡುವವರು ಕಡಿಮೆ. ಬೆಲ್ಟು ಹಾಕಿಕೊಳ್ಳಿ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ಬೆಲ್ಟೇ ನಂಬಿಕೆಗೆ ಯೋಗ್ಯವಾಗಿರಬೇಕು ಎಂಬುದು ನನ್ನ ಮಾತು.

- ಹೊಸ ಗಾಡಿ ಎಂದು ಮೈಮರೆಯಬೇಡಿ. ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗಿದ್ದು ನಮ್ಮ ಪಕ್ಕದ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. 2022ರ ಆಗಸ್ಟ್ 8ರಿಂದ ನವೆಂಬರ್ 15ರೊಳಗೆ ತಯಾರಾದ 11,177 ಕಾರುಗಳನ್ನು 2023ರ ಜನವರಿಯಲ್ಲಿ ಮಾರುತಿ ಕಂಪನಿ ವಾಪಸು ಕರೆಯಿತು. ಹಿಂದಿನ ಸೀಟಿನ ಬೆಲ್ಟನ್ನು ಗಾಡಿಯ ಮೈಗೆ ಹಿಡಿದಿಡುವ ಬ್ರಾಕೆಟ್ ದಿನ ಕಳೆದಂತೆ ಸಡಿಲವಾಗಬಹುದೆಂಬ ಅನುಮಾನವೇ ಕಾರಣ. ಅದಕ್ಕೆ ತಿಂಗಳ ಹಿಂದಷ್ಟೇ ಸಿಯಾಜ್, ಬ್ರೆಜಾ, ಎರ್ಟಿಗಾ, ಎಕ್ಸ್‌ಎಲ್6, ಗ್ರ್ಯಾಂಡ್ ವಿಟಾರಾ ಸೇರಿ 9,125 ಕಾರುಗಳನ್ನು ಮುಂದಿನ ಬೆಲ್ಟಿನ ಎತ್ತರ ಹೊಂದಿಸುವ ಭಾಗಕ್ಕಾಗಿ ಕರೆದಿದ್ದರು. ಷೋರೂಮಿನ ವಾಸನೆ ಹೋಗದ ಗಾಡಿಗಳವು.

- ಹೀಗೆ ವಾಪಸು ಕರೆಯುವುದಕ್ಕೇ ರೀಕಾಲ್ ಎನ್ನುವುದು. ಅದಕ್ಕೆ ಹೆದರಬೇಡಿ, ಉದಾಸೀನವೂ ಬೇಡ. ತಪ್ಪು ಕಂಡ ಕಂಪನಿ ಕರೆದು ಸರಿಮಾಡಿಕೊಡುತ್ತಿದೆ ಎಂದರೆ ಅದು ಒಳ್ಳೆಯದೇ. ಕರೆದಾಗ ಹೋಗದೆ ಇರುವುದು ಮಾತ್ರ ಅಪಾಯ.

- ಫೋನಿಗೆ, ಕಾಗದಕ್ಕೆ ಕಾಯುತ್ತಾ ಕೂರಬೇಡಿ. ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇರುತ್ತದೆ, ಸಾಮಾನ್ಯವಾಗಿ ಹದಿನೇಳು ಅಕ್ಷರ-ಅಂಕಿಗಳದ್ದು. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ದೊಡ್ಡ ಕಂಪನಿಗಳ ಜಾಲತಾಣಗಳಲ್ಲಿ ಆ ನಂಬರ್ ಹಾಕಿ ನಿಮ್ಮ ಗಾಡಿ ರೀಕಾಲ್ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಅದು ಗೊತ್ತಾಗದಿದ್ದರೆ ಸರ್ವೀಸಿಗೆ ಬಿಟ್ಟಾಗ ಕೌಂಟರಿನಲ್ಲೇ ಕೇಳಿ: "ಈ ನಂಬರಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯಾ?"

- ಸೆಕೆಂಡ್ ಹ್ಯಾಂಡ್ ಕೊಂಡವರು ಇನ್ನೂ ಎಚ್ಚರ. ಕಂಪನಿಯ ಬಳಿ ಇರುವುದು ಮೊದಲ ಮಾಲೀಕರ ಫೋನು, ವಿಳಾಸ. ಅವರಿಗೆ ಹೋದ ಸುದ್ದಿ ನಿಮಗೆ ಬರುವುದಿಲ್ಲ. ಜಯನಗರದ ಆರ್‌ಟಿಒದಲ್ಲಿ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅದರ ಜೊತೆಗೆ ಕಂಪನಿಯ ಸರ್ವೀಸ್ ಸೆಂಟರಿನಲ್ಲೂ ನಿಮ್ಮ ಫೋನ್ ನಂಬರ್ ಬರೆಸಿ.

- ರೀಕಾಲ್ ಕೆಲಸಕ್ಕೆ ದುಡ್ಡು ಕೊಡಬೇಡಿ. ಅದು ಕಂಪನಿಯ ಖರ್ಚು. ಏನು ನೋಡಿದರು, ಯಾವ ಭಾಗ ಬದಲಾಯಿಸಿದರು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡು, ಆರ್‌ಸಿ ಜೊತೆಗೇ ಇಟ್ಟಿರಿ. ಮುಂದೆ ಗಾಡಿ ಮಾರುವಾಗ ಕೊಳ್ಳುವವರಿಗೆ ಆ ಕಾಗದವನ್ನೂ ಕೊಡಿ.

- ಕಾನೂನು ನಿಮ್ಮ ಕಡೆ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 110ಎ ಎಂಬ ಕಲಂ ಸೇರಿತು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿ ತಾನಾಗಿ ಮುಂದೆ ಬರದಿದ್ದರೆ ರೀಕಾಲ್ ಮಾಡೆಂದು ಸರ್ಕಾರವೇ ಆದೇಶಿಸಬಹುದು. ದಂಡ ಒಂದು ಕೋಟಿ ರೂಪಾಯಿವರೆಗೂ ಹೋಗಬಹುದು. ನಿಮ್ಮ ಬೆಲ್ಟಿನಲ್ಲಿ ದೋಷ ಕಂಡರೆ ಸರ್ಕಾರದ 'ವಾಹನ್' ಜಾಲತಾಣದ ರೀಕಾಲ್ ವಿಭಾಗದಲ್ಲಿ ದೂರು ಕೊಡಿ. ನನ್ನೊಬ್ಬನ ದೂರಿನಿಂದ ಏನಾದೀತು ಎನ್ನಬೇಡಿ. ಅಂಥ ದೂರುಗಳ ಲೆಕ್ಕದ ಮೇಲೆಯೇ ಸರ್ಕಾರ ತನಿಖೆಗೆ ಕೈಹಾಕುವುದು.

- ನಿಮ್ಮ ಕೈಯಾರೆ ಪರೀಕ್ಷಿಸಿ. ಐದು ನಿಮಿಷದ ಕೆಲಸ. ಬೆಲ್ಟನ್ನು ಪೂರ್ತಿ ಹೊರಗೆಳೆದು ಅಂಚಿನಲ್ಲಿ ನೂಲು ಬಿಟ್ಟಿದೆಯೇ, ಎಲ್ಲಾದರೂ ಸೀಳಿದೆಯೇ ನೋಡಿ. ಕೈಬಿಟ್ಟರೆ ತಾನಾಗಿ ಒಳಗೆ ಸುತ್ತಿಕೊಳ್ಳಬೇಕು. ಥಟ್ಟನೆ ಎಳೆದರೆ ಅಲ್ಲೇ ಹಿಡಿದುಕೊಳ್ಳಬೇಕು. ಬಕಲ್ 'ಟಕ್' ಎಂದು ಕೂರಬೇಕು, ಎಳೆದರೆ ಬರಬಾರದು, ಕೆಂಪು ಗುಂಡಿ ಒತ್ತಿದೊಡನೆ ಬಿಡಬೇಕು. ಮಕ್ಕಳು ತಿಂದ ಬಿಸ್ಕತ್ತಿನ ಪುಡಿ, ಚಿಲ್ಲರೆ ಕಾಸು ಬಕಲ್ ಒಳಗೆ ಸೇರಿದ್ದರೂ ಅದು ಸರಿಯಾಗಿ ಹಿಡಿಯುವುದಿಲ್ಲ. ಗುಂಡಿ ಬಿರುಕು ಬಿಟ್ಟಿದ್ದರೆ ಸಣ್ಣ ವಿಷಯವೆಂದು ಬಿಡಬೇಡಿ. 1995ರಲ್ಲಿ ಅಮೆರಿಕದಲ್ಲಿ ಟಕಾಟಾ ಕಂಪನಿಯ ಬೆಲ್ಟುಗಳಿದ್ದ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸು ಕರೆದದ್ದು ಇಂಥದ್ದೇ ಪ್ಲಾಸ್ಟಿಕ್ ಗುಂಡಿ ಪುಡಿಯಾಗುತ್ತಿದ್ದ ಕಾರಣಕ್ಕೆ.

- ಅಪಘಾತ ಕಂಡ ಬೆಲ್ಟನ್ನು ಉಳಿಸಿಕೊಳ್ಳಬೇಡಿ. ಜೋರಾದ ಪೆಟ್ಟಿನಲ್ಲಿ ಮೈಭಾರ ತಡೆದ ಪಟ್ಟಿ ಒಳಗೊಳಗೇ ಸೋತಿರುತ್ತದೆ. ಪೆಟ್ಟಿನ ಕ್ಷಣದಲ್ಲಿ ಬೆಲ್ಟು ಬಿಗಿಮಾಡುವ ಸಾಧನ ಕೆಲಸ ಮಾಡುವುದೂ ಒಂದೇ ಸಲ. ಹೊಲಿಗೆ ಹಾಕಿಸುವುದು, ಗುಜರಿಯಿಂದ ಹಳೆಯದು ತಂದು ಕೂರಿಸುವುದು ಬೇಡವೇ ಬೇಡ.

- ಸೀಟ್ ಕವರ್ ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಜೆ.ಸಿ. ರಸ್ತೆಯಲ್ಲಿ ಹಾಕಿಸಿ, ಎಲ್ಲೇ ಹಾಕಿಸಿ, ಹಿಂದಿನ ಸೀಟಿನ ಬಕಲ್‌ಗಳು ಕವರಿನಡಿ ಮುಚ್ಚಿಹೋಗಬಾರದು.

- ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್ ಕೊಳ್ಳಬೇಡಿ. ಬೆಲ್ಟು ಹಾಕದೆಯೇ ಹಾಕಿದಂತೆ ಗಾಡಿಗೆ ಮೋಸ ಮಾಡುವ ವಸ್ತು ಅದು. ಆನ್‌ಲೈನ್ ಅಂಗಡಿಗಳು ಅದನ್ನು ಮಾರಕೂಡದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು.

- ಹಿಂದೆ ಕೂತವರಿಗೂ ಬೆಲ್ಟು ಹಾಕಿಸಿ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಕಾರೂ ಒಳ್ಳೆಯ ಕಂಪನಿಯದ್ದೇ. ಸಾವಿರ ರೂಪಾಯಿ ದಂಡಕ್ಕೆ ಹೆದರಿ ಹಾಕಿಸಬೇಡಿ, ಅಜ್ಜಿಯೂ ಮಗುವೂ ಬೇಕೆಂದು ಹಾಕಿಸಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಬೆಲ್ಟಿನಲ್ಲಿ ಇಬ್ಬರನ್ನು ಬಿಗಿಯಬೇಡಿ. ಚಿಕ್ಕ ಮಕ್ಕಳಿಗೆ ಅವರದ್ದೇ ಸೀಟು ಬೇಕು. ಬಸುರಿ ಹೆಣ್ಣುಮಕ್ಕಳಿಗೆ ಕೆಳಗಿನ ಪಟ್ಟಿ ಹೊಟ್ಟೆಯ ಕೆಳಭಾಗದಲ್ಲಿ, ತೊಡೆಯ ಮೇಲ್ಗಡೆ ಬರಲಿ.

- ಬಿಡಿಭಾಗ ಬರುವುದು ತಡವಾದರೆ ದೋಷವಿರುವ ಬೆಲ್ಟಿನ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ಅದು ಚಾಲಕರ ಸೀಟೇ ಆಗಿದ್ದರೆ ಗಾಡಿ ಮನೆಮುಂದೆಯೇ ಇರಲಿ; ಆಟೋ ಇದೆ, ಮೆಟ್ರೊ ಇದೆ.

ನಿಮ್ಹಾನ್ಸ್ ನಮಗೆ ಕೂಗಳತೆಯಲ್ಲಿದೆ. ತಲೆಗೆ ಪೆಟ್ಟು ಬಿದ್ದವರನ್ನು ಕರೆದೊಯ್ಯುವ ಆಂಬುಲೆನ್ಸಿನ ಸದ್ದು ಈ ಬಡಾವಣೆಯ ಯಾರಿಗೂ ಹೊಸದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಆಮೇಲೆ ಹಲುಬಿ ಫಲವಿಲ್ಲ. ಈ ಭಾನುವಾರ ಮನೆಯವರೆಲ್ಲ ಸೇರಿ ಗಾಡಿಯ ಒಂದೊಂದು ಬೆಲ್ಟನ್ನೂ ಎಳೆದು ನೋಡಿ. ಸೋಮವಾರ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ, ಚಾಸಿಸ್ ನಂಬರ್ ಹೇಳಿ, ರೀಕಾಲ್ ಇದೆಯೇ ಎಂದು ಕೇಳಿ.